ಯಾರೂ ಮುಟ್ಟದ ಕೆಲಸ: ಸ್ವಯಂಸೇವಕ ಬಳಗಗಳಿಗೆ ದೋಷ ನಿವಾರಣೆ ಕೈಪಿಡಿ

ಮೈಸೂರು, ಮಂಡ್ಯದ ಕಡೆ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದು), ವಿಕಿಪೀಡಿಯ, ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ತುಂಬುವ ಮುಕ್ತ ನಕ್ಷೆ) ಅಂತ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಚಿಕ್ಕ ಬಳಗಗಳಿವೆ. ಅವನ್ನು ನಡೆಸುವವರ ದೂರು ಎಲ್ಲ ಕಡೆ ಒಂದೇ. ಹೊಸ ಕೀಬೋರ್ಡ್ ಆ್ಯಪ್ ಮಾಡೋಣ ಅಂದರೆ ಕೂತವರೆಲ್ಲ ಕೈ ಎತ್ತುತ್ತಾರೆ. ಇರುವ ಆ್ಯಪಿಗೆ ಬಂದ ದೂರುಗಳನ್ನು ಓದಿ ವಿಂಗಡಿಸಬೇಕು ಅಂದರೆ ಎಲ್ಲರಿಗೂ ಅದೇ ಹೊತ್ತಿಗೆ ಫೋನ್ ಬರುತ್ತದೆ. ಬೇರೆಯವರ ಅನುವಾದ ಪರಿಶೀಲಿಸುವುದು, ಬಳಕೆದಾರರ ಕೈಪಿಡಿ ಬರೆಯುವುದು, ಬಿಡುಗಡೆಗೆ ಮುಂಚೆ ಹಳೆಯ ಫೋನುಗಳಲ್ಲಿ ಪರೀಕ್ಷೆ ಮಾಡುವುದು, ಸರ್ವರಿನ ಬ್ಯಾಕಪ್ ಸರಿಯಾಗಿದೆಯಾ ನೋಡುವುದು, ಇವೆಲ್ಲ ಇದೇ ಜಾತಿಯ ಕೆಲಸಗಳು.

"ಈಗಿನ ಹುಡುಗರಿಗೆ ಆಸಕ್ತಿನೇ ಇಲ್ಲ ಸಾರ್" ಎಂಬ ತೀರ್ಮಾನಕ್ಕೆ ಬರಲು ಐದು ನಿಮಿಷ ಸಾಕು. ಈ ಕೈಪಿಡಿಯಲ್ಲಿ ಆ ತೀರ್ಮಾನವನ್ನು ಪಟ್ಟಿಯ ತಳಕ್ಕೆ ತಳ್ಳಿದ್ದೇನೆ. ಮೊದಲು ಕೆಲಸವನ್ನು ಪರೀಕ್ಷಿಸಿ, ಆಮೇಲೆ ಕೇಳಿದ ರೀತಿಯನ್ನು, ಆಮೇಲೆ ಕೆಲಸಕ್ಕೆ ಹೋಗುವ ದಾರಿಯನ್ನು. ಮನುಷ್ಯರ ಸರದಿ ಕೊನೆಗೆ. ಬಹುತೇಕ ಸಲ ಅಲ್ಲಿವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಮೊದಲ ಪರೀಕ್ಷೆ: ಈ ಕೆಲಸ ಮನುಷ್ಯರೇ ಮಾಡಬೇಕೇ?

ಕಾಗುಣಿತ ಪರೀಕ್ಷಕದ ಪದಪಟ್ಟಿಯನ್ನೇ ತೆಗೆದುಕೊಳ್ಳಿ. "ಒಂದೇ ಪದ ಎರಡೆರಡು ಸಲ ಇದೆ, ಯಾರಾದರೂ ಕೂತು ತೆಗೆಯಬೇಕು" ಎಂಬ ದೂರು ವರ್ಷಗಟ್ಟಲೆ ಬಿದ್ದಿರುತ್ತದೆ. ಬಿಡಿಸಿ ನೋಡಿದರೆ ಅದರೊಳಗೆ ಎರಡು ಬೇರೆ ಕೆಲಸಗಳಿವೆ. 'ಕೇಳು' ಪದದ 'ಕೇ' ಅಕ್ಷರವನ್ನು ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಲ್ಲಿ, ಎರಡು ಬಗೆಯಲ್ಲಿ ಮೂಡಿಸಬಹುದು. ಒಂದರಲ್ಲಿ ದೀರ್ಘ ಸ್ವರಚಿಹ್ನೆಗೆ ಒಂದೇ ಸಂಕೇತ. ಇನ್ನೊಂದರಲ್ಲಿ ಹ್ರಸ್ವ ಚಿಹ್ನೆಯ ಸಂಕೇತ, ಅದರ ಹಿಂದೆಯೇ ದೀರ್ಘದ ಗುರುತಿಗೆ ಬೇರೆ ಸಂಕೇತ. ಕಣ್ಣಿಗೆ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಎರಡು ಪದ. ಇದನ್ನು ಸರಿಮಾಡಲು ಯೂನಿಕೋಡ್ ನಾರ್ಮಲೈಸೇಶನ್ ಅಂತಲೇ ವಿಧಾನವಿದೆ, ಸಣ್ಣದೊಂದು ಸ್ಕ್ರಿಪ್ಟು ಇಡೀ ಪಟ್ಟಿಯನ್ನು ಕಾಫಿ ಆರುವುದರೊಳಗೆ ಮುಗಿಸುತ್ತದೆ. ಇದಕ್ಕೆ ಸ್ವಯಂಸೇವಕರನ್ನು ಕೂರಿಸುವುದು ಅವರ ಭಾನುವಾರಕ್ಕೆ ಮಾಡುವ ಅನ್ಯಾಯ.

'ರ‍್ಯಾಂಕ್' ವಿಷಯ ಹಾಗಲ್ಲ. 'ಸೂರ್ಯ'ದಲ್ಲಿ ಬರುವ ಅರ್ಕಾವತ್ತು ಇಲ್ಲಿ ಬೇಡ, ಯಕಾರ ಒತ್ತಾಗಿ ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಜೋಡಿಸುವ ಸಂಕೇತವೊಂದನ್ನು ಹಾಕುತ್ತೇವೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಯಾವ ಪದಕ್ಕೆ ಯಾವುದು ಎಂದು ಕನ್ನಡ ಬಲ್ಲವರೇ ಹೇಳಬೇಕು. ಹೀಗೆ ಯಂತ್ರದ ಪಾಲನ್ನು ಯಂತ್ರಕ್ಕೆ ಕೊಟ್ಟ ಮೇಲೆ ಮನುಷ್ಯರ ಪಾಲಿಗೆ ಉಳಿಯುವುದು ಚಿಕ್ಕದು, ಸ್ವಲ್ಪ ಸ್ವಾರಸ್ಯದ್ದು.

ಕೆಲಸವನ್ನೇ ಕಡಿಮೆ ಮಾಡುವ ದಾರಿಯೂ ಇದೆ, ನಾವು ಅದನ್ನು ಯೋಚಿಸುವುದೇ ಇಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನವರು ದೀರ್ಘಾವಧಿ ಆವೃತ್ತಿಗಳನ್ನು 6 ವರ್ಷ ನೋಡಿಕೊಳ್ಳುತ್ತಿದ್ದರು. 2023ರಲ್ಲಿ ಅದನ್ನು 2 ವರ್ಷಕ್ಕೆ ಇಳಿಸುತ್ತೇವೆ ಅಂದರು: ಹಳೆಯ ಆವೃತ್ತಿಗಳನ್ನು ಬಳಸುವವರು ಕಡಿಮೆ, ನೋಡಿಕೊಳ್ಳುವವರು ಸುಸ್ತಾಗಿದ್ದಾರೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡ ಯೋಜನೆಯೇ ಹೀಗೆ ಸಾಕು ಅನ್ನಬಹುದಾದರೆ, ನಮ್ಮ ಆ್ಯಪು ಹತ್ತು ವರ್ಷದ ಹಿಂದಿನ ಆಂಡ್ರಾಯ್ಡಿನಲ್ಲೂ ನಡೆಯಲೇಬೇಕು ಎಂಬ ಹಟವನ್ನು ನಾವೂ ಬಿಡಬಹುದು.

ಲಕ್ಷಣ: "ಹೌದು, ಮಾಡಬೇಕು" ಅನ್ನುವವರು ಎಲ್ಲರೂ, ಮಾಡುವವರು ಯಾರೂ ಇಲ್ಲ

ಗುಂಪಿನಲ್ಲಿ ಹೀಗೊಂದು ಸಂದೇಶ ಬೀಳುತ್ತದೆ: "ಯಾರಾದರೂ ಪದಪಟ್ಟಿ ರಿವ್ಯೂ ಮಾಡಿಕೊಟ್ಟರೆ ತುಂಬಾ ಉಪಕಾರ." ಜೊತೆಗೆ ಕೈಮುಗಿದ ಇಮೋಜಿ. ಕೆಳಗೆ ಹೆಬ್ಬೆರಳುಗಳ ಸಾಲು. "ಖಂಡಿತ ಆಗಬೇಕಾದ ಕೆಲಸ ಸಾರ್" ಅಂತ ಒಬ್ಬರು. ಆಮೇಲೆ ಯಾರೋ ದಸರಾ ದೀಪಾಲಂಕಾರದ ಫೋಟೊ ಹಾಕುತ್ತಾರೆ, ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ದೋಷ ವಿಳಾಸದ್ದು. ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮಿನಲ್ಲಿ ಮಾತಾಡಿಸುತ್ತಿದ್ದರು, ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸುತ್ತಿತ್ತು. ಕೇಳಿಸಿಕೊಂಡವನು ತಾನೊಬ್ಬನೇ ಎಂದು ತಿಳಿದವರಲ್ಲಿ 85% ಮಂದಿ ಆತನ ಮಾತು ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದವರಲ್ಲಿ ಹಾಗೆ ಎದ್ದವರು 31% ಮಾತ್ರ. ಜೀವ ಹೋಗುವ ಸಂಗತಿಯಲ್ಲೇ ಹೀಗಾದರೆ ಪದಪಟ್ಟಿಯ ಪಾಡೇನು? ಇನ್ನೂರು ಜನರ ಗುಂಪಿನಲ್ಲಿ ಕೇಳಿದ್ದು ಯಾರನ್ನೂ ಕೇಳಿದ ಹಾಗಲ್ಲ.

ಪರೀಕ್ಷೆ ಸುಲಭ. ಅದೇ ಕೆಲಸವನ್ನು ಒಬ್ಬರಿಗೆ, ಖಾಸಗಿಯಾಗಿ, ಅವರೇ ಯಾಕೆ ಎಂದು ಹೇಳಿ ಕೇಳಿ ನೋಡಿ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದವರೊಬ್ಬರಿಗೆ ಕಳಿಸಬಹುದಾದ ಸಂದೇಶ ಹೀಗಿರುತ್ತದೆ:

"ಮೇಡಂ, ಪದಪಟ್ಟಿಯಲ್ಲಿ 'ಅ'ಕಾರದ ಅನುಮಾನದ ಪದಗಳು ನಲವತ್ತು ಉಳಿದಿವೆ. ಹಳಗನ್ನಡ ರೂಪವೋ, ಬೆರಳಚ್ಚಿನ ತಪ್ಪೋ ಹೇಳಲು ನಮ್ಮ ಇಂಜಿನಿಯರ್ ಹುಡುಗರ ಕೈಲಿ ಆಗ್ತಿಲ್ಲ. ಪ್ರತಿ ಪದದ ಮುಂದೆ ಸರಿ, ತಪ್ಪು, ಗೊತ್ತಿಲ್ಲ, ಮೂರರಲ್ಲಿ ಒಂದು ಬರೆದರೆ ಸಾಕು. ಮುಂದಿನ ಭಾನುವಾರದೊಳಗೆ ಆಗುತ್ತಾ? ಆಗಲ್ಲ ಅಂದ್ರೂ ಪರವಾಗಿಲ್ಲ, ಬೇರೆಯವರನ್ನ ಕೇಳ್ತೀನಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ನಮ್ಮ ಕಡೆ ಮುಖ ನೋಡಿ 'ಆಗಲ್ಲ' ಅನ್ನುವುದಕ್ಕೆ ಜನ ಹಿಂಜರಿಯುತ್ತಾರೆ. "ಮಾಡ್ತೀನಿ ಬುಡಿ ಸಾರ್" ಅಂದುಬಿಡುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ, ಕೊನೆಗೆ ಸಂಕೋಚಕ್ಕೆ ಬಳಗಕ್ಕೇ ಬರುವುದನ್ನು ಬಿಡುತ್ತಾರೆ. ಇಲ್ಲ ಅನ್ನಲು ದಾರಿ ಕೊಟ್ಟರೆ ಕೆಲಸ ಹೋದರೂ ಮನುಷ್ಯರು ಉಳಿಯುತ್ತಾರೆ. ಹೀಗೆ ಒಬ್ಬೊಬ್ಬರನ್ನೇ ಕೇಳಿದಾಗ ಕೆಲಸ ಸಾಗಿತು ಅಂದರೆ ಆಸಕ್ತಿಯ ಕೊರತೆ ಇರಲಿಲ್ಲ ಎಂದಾಯಿತು, ಮುಂದಿನ ಪರೀಕ್ಷೆಗಳು ಬೇಡ.

ಲಕ್ಷಣ: ಒಪ್ಪಿಕೊಂಡರು, ಶುರುವೂ ಮಾಡಿದರು, ಆಮೇಲೆ ಸದ್ದಿಲ್ಲ

ದೋಷ ಬಾಗಿಲಲ್ಲಿದೆ. ಹೊಸಬರ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಅವರು ಆ ಕೆಲಸ ಮಾಡುವುದನ್ನು ಒಂದು ಸಲ ನೋಡದೆ ಇದು ಸಿಗುವುದಿಲ್ಲ. ಫೋನಿನಲ್ಲಿ ವಿಚಾರಿಸಿದರೆ "ಸ್ವಲ್ಪ ಬ್ಯುಸಿ ಇದ್ದೆ" ಅಂತಲೇ ಉತ್ತರ ಬರುತ್ತದೆ.

ಮಂಡ್ಯದಿಂದ ಭಾನುವಾರದ ಕೂಟಕ್ಕೆ ರೈಲಿನಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ಅನುವಾದ ಪರಿಶೀಲನೆ ಮಾಡುತ್ತೇನೆಂದು ಒಪ್ಪಿಕೊಂಡಿದ್ದ. ವಾರಗಳಾದರೂ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಸರಸ್ವತಿಪುರಂನಲ್ಲಿ ನಾವು ಸೇರುವ ಮನೆಯ ಜಗಲಿಯಲ್ಲಿ ಅವನ ಲ್ಯಾಪ್‌ಟಾಪ್ ತೆರೆಸಿದಾಗ ಕಂಡದ್ದು ಇಷ್ಟು: ಅವನು ಲಾಗಿನ್ ಆಗಿದ್ದಾನೆ, ಬಾಕಿ ಉಳಿದ ಅನುವಾದಗಳು ಕಾಣುತ್ತಿವೆ, ಒಪ್ಪಿಗೆ ಕೊಡುವ ಬಟನ್ ಮಾತ್ರ ಇಲ್ಲ. "ನಂಗೆ ಪರ್ಮಿಷನ್ ಕೊಟ್ಟಿಲ್ವೇನೋ ಅನ್ಕೊಂಡು ಸುಮ್ನಾದೆ ಅಣ್ಣ. ಕೇಳಿದ್ರೆ ಏನನ್ಕೋತಾರೋ ಅಂತ." ಅನುಮತಿ ಕೊಡಲು ಹಿಡಿದದ್ದು ಎರಡು ಕ್ಲಿಕ್ಕು. ಆ ಸಂಜೆ ರೈಲು ಹತ್ತುವುದರೊಳಗೆ ಒಂದು ಇಡೀ ಮೆನುವಿನ ಅನುವಾದ ಮುಗಿಸಿದ್ದ.

ಮೊಜಿಲ್ಲಾದ ಪಾಂಟೂನ್‌ನಂಥ ಅನುವಾದ ತಾಣಗಳಲ್ಲೂ ವ್ಯವಸ್ಥೆ ಹೀಗೆಯೇ. ಹೊಸಬರು ಹಾಕಿದ್ದು ಸಲಹೆಯಾಗಿ ಉಳಿಯುತ್ತದೆ, ಅನುವಾದಕರ ಹಕ್ಕು ಇರುವವರು ಒಪ್ಪಿದರೆ ಮಾತ್ರ ಒಳಗೆ ಹೋಗುತ್ತದೆ. ಗುಣಮಟ್ಟಕ್ಕೆ ಇದು ಬೇಕು. ಆದರೆ ಆ ಹಕ್ಕನ್ನು ಯಾರಿಗೂ ಕೊಡದೆ ಇಬ್ಬರೇ ಇಟ್ಟುಕೊಂಡು "ರಿವ್ಯೂ ಮಾಡೋರೇ ಇಲ್ಲ" ಎಂದು ಗೊಣಗುವುದನ್ನು ಒಂದಕ್ಕಿಂತ ಹೆಚ್ಚು ಬಳಗಗಳಲ್ಲಿ ಕಂಡಿದ್ದೇನೆ. ಕೀಲಿ ಸೊಂಟದಲ್ಲಿ ಇಟ್ಟುಕೊಂಡು ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಕೇಳಬಾರದು.

ಬಾಗಿಲು ತೆರೆದಿದ್ದೂ ಒಳಗೆ ಹೋದವರು ನಿಂತುಬಿಟ್ಟರೆ ಕೆಲಸದ ಗಾತ್ರ ನೋಡಿ. "ಹಳೆಯ 'ನುಡಿ' ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಸರಿ ಇಲ್ಲ" ಎಂಬ ದೂರನ್ನು ನೋಡಿ ಯಾರೂ ಮುಂದೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಅದನ್ನೇ "'ವರ್ಷ' ಎಂದಿದ್ದದ್ದು 'ವಷರ್' ಆಗುತ್ತಿದೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತಿನ ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫ (ರ್) ಮೊದಲು ಬರಬೇಕು, ನಮ್ಮ ಪರಿವರ್ತಕ ಅದನ್ನು ಅಕ್ಷರದ ಮೊದಲಿಗೆ ಸರಿಸುತ್ತಿಲ್ಲ. ಈ ಕಡತದ ಈ ಫಂಕ್ಷನ್ ನೋಡಿ, ಪರೀಕ್ಷೆಗೆ ಈ ಐದು ಪದ" ಎಂದು ಬರೆದರೆ ಎರಡನೇ ವರ್ಷದ ವಿದ್ಯಾರ್ಥಿಯೂ ಕೈ ಹಾಕುತ್ತಾನೆ. ಹೀಗೆ ಬಿಡಿಸಿ ಬರೆಯುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ನಾನೇ ಸರಿಮಾಡಬಹುದಿತ್ತಲ್ಲ ಅನ್ನಿಸುತ್ತದೆ. ಅನ್ನಿಸಲಿ. ಬಿಡಿಸಿ ಬರೆಯುವುದೇ ಬಳಗ ನಡೆಸುವವರ ಕೆಲಸ.

ಓಪನ್‌ಸ್ಟ್ರೀಟ್‌ಮ್ಯಾಪಿನವರು ಈ ವಿದ್ಯೆಯಲ್ಲಿ ಪಳಗಿದ್ದಾರೆ. ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡು ಒಂಟಿಕೊಪ್ಪಲಿನಲ್ಲಿ ನಡೆದರೆ, ಈ ರಸ್ತೆಗೆ ಡಾಂಬರೋ ಮಣ್ಣೋ, ಈ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ ಎಂದು ಒಂದೊಂದೇ ಪ್ರಶ್ನೆ ಕೇಳುತ್ತದೆ. ಉತ್ತರ ಒತ್ತಿದರೆ ನಕ್ಷೆ ತುಂಬಿತು. ಮ್ಯಾಪ್‌ರೂಲೆಟ್ ಕೂಡ ನಕ್ಷೆಯ ಸಾವಿರಾರು ದೋಷಗಳಲ್ಲಿ ಒಂದನ್ನು ಎತ್ತಿ ಕೈಗೆ ಕೊಡುತ್ತದೆ. ಮಾಹಿತಿ ತುಂಬುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಆದರೂ ಜನ ವಾಕಿಂಗ್ ಹೋಗುತ್ತಾ ಮಾಡುತ್ತಾರೆ.

ಲಕ್ಷಣ: ಎಲ್ಲವೂ ಸರಾಗವಾಗಿ ನಡೆಯುತ್ತಿದೆ, ಮಾಡುವವರು ಒಬ್ಬರೇ

ಇದು ದೋಷದಂತೆ ಕಾಣುವುದಿಲ್ಲ, ಅದಕ್ಕೇ ಉಳಿದವಕ್ಕಿಂತ ಅಪಾಯ ಹೆಚ್ಚು. ಬ್ಯಾಕಪ್, ಡೊಮೈನ್ ನವೀಕರಣ, ದೂರುಗಳಿಗೆ ಉತ್ತರ, ಎಲ್ಲ ಆಗುತ್ತಿದೆ. ಪತ್ತೆಗೆ ಒಂದೇ ಪ್ರಶ್ನೆ: ಇವರು ತಂಗಿಯ ಮದುವೆ ಅಂತ ಒಂದು ತಿಂಗಳು ಊರಿಗೆ ಹೋದರೆ ಏನೇನು ನಿಲ್ಲುತ್ತದೆ? ಉತ್ತರದ ಪಟ್ಟಿ ಉದ್ದವಿದ್ದರೆ ಕೂಡಲೇ ಕೆಲಸ ಶುರುಮಾಡಿ.

ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಕಥೆಯನ್ನು ಹೊಸ ಬಳಗಗಳಿಗೆಲ್ಲ ಹೇಳುತ್ತೇನೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಇರುವ ಅದನ್ನು ಲಾಸ್ಸೆ ಕೊಲಿನ್ ಎಂಬವರು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. ಕೆಲಸ ನಿಧಾನವಾಯಿತೆಂದು 2022ರಲ್ಲಿ ಕೆಲವರು ಒತ್ತಾಯ ಶುರುಮಾಡಿದರು. ತಮಗೆ ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆಯಿದೆ, ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂಬುದು ನೆನಪಿರಲಿ ಎಂದು ಅವರು ಬಹಿರಂಗವಾಗಿಯೇ ಬರೆದರು. ಆ ಹೊತ್ತಿಗೆ ತಾಳ್ಮೆಯಿಂದ ಸಹಾಯ ಮಾಡುತ್ತಿದ್ದವನು 'ಜಿಯಾ ಟಾನ್' ಎಂಬ ಹೆಸರಿನ ಒಬ್ಬ, ಬರಬರುತ್ತಾ ಬಿಡುಗಡೆಯ ಅಧಿಕಾರವೂ ಅವನ ಕೈಗೆ ಹೋಯಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್, ಹೊಸ ಆವೃತ್ತಿಯಲ್ಲಿ, ಹೊರಗಿನವರು ಗುಟ್ಟಾಗಿ ಒಳನುಗ್ಗಬಹುದಾದ ಹಿಂಬಾಗಿಲೊಂದನ್ನು ಹುದುಗಿಸಲಾಗಿದೆ ಎಂದು ಬಯಲಿಗೆ ತಂದರು. ಅವರ ಗಮನ ಸೆಳೆದದ್ದು ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಹೆಚ್ಚಾಗಿ ಹಿಡಿಯುತ್ತಿದ್ದ ಸುಮಾರು ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡನ್ನು ಅವರು ಉಪೇಕ್ಷೆ ಮಾಡಿದ್ದರೆ ಹಿಂಬಾಗಿಲು ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಹೋಗುತ್ತಿತ್ತು. ಒಂಟಿಯಾಗಿ ಸುಸ್ತಾದವರಿಗೆ ಆಸರೆಯಾಗಿ ಯಾರು ಬಂದರೂ ದೇವರೇ ಬಂದಂತೆ ಅನ್ನಿಸುತ್ತದೆ, ಬಂದವರು ಯಾರೆಂದು ನೋಡುವ ತ್ರಾಣ ಉಳಿದಿರುವುದಿಲ್ಲ.

ಪರಿಹಾರ ಸರದಿ. ಕುಬರ್ನೆಟೀಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯಲ್ಲಿ ಪ್ರತಿ ಬಿಡುಗಡೆಗೂ ಒಂದು ತಂಡ ರಚನೆಯಾಗುತ್ತದೆ, ಜವಾಬ್ದಾರಿ ಹೊತ್ತವರ ಹಿಂದೆ 'ಶ್ಯಾಡೋ'ಗಳು, ಅಂದರೆ ನೋಡಿ ಕಲಿಯುವವರು ಇರುತ್ತಾರೆ. ಮುಂದಿನ ಸಲದ ಮುಂದಾಳುಗಳು ಅವರಲ್ಲಿಂದಲೇ ಬರುತ್ತಾರೆ. ನಮ್ಮಂಥ ಸಣ್ಣ ಬಳಗಕ್ಕೆ ಅಷ್ಟು ಏರ್ಪಾಡು ಹೆಚ್ಚಾಯಿತು. ಮಂಡ್ಯದ ಕಡೆ ನಾಟಿ ಕಾಲದಲ್ಲಿ ನಡೆಯುವ ಮುಯ್ಯಾಳಿನ ಲೆಕ್ಕ ನಮಗೆ ಸಾಕು: ಇವತ್ತು ನಾವೆಲ್ಲ ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ, ಕೂಲಿಯ ಮಾತಿಲ್ಲ, ದಿನಕ್ಕೆ ದಿನ. "ನೀನು ನನ್ನ ಕೋಡು ರಿವ್ಯೂ ಮಾಡು, ನಾನು ನಿನ್ನ ದೂರುಗಳ ಪಟ್ಟಿ ವಿಂಗಡಿಸುತ್ತೇನೆ" ಎಂಬ ಒಪ್ಪಂದ ಹುಡುಗರಿಗೆ ಕೂಡಲೇ ಅರ್ಥವಾಗುತ್ತದೆ. ಇದರಲ್ಲಿ ಮುಖ್ಯವಾದದ್ದು ದಿನಕ್ಕೆ ದಿನ ಎಂಬ ಮಾತು. ಕೋಡ್ ಬರೆದ ಗಂಟೆಗೆ ಹೆಚ್ಚು ಬೆಲೆ, ದೂರಿಗೆ ಉತ್ತರಿಸಿದ ಗಂಟೆಗೆ ಕಡಿಮೆ ಎಂಬ ಎಣಿಕೆ ಒಳಗೆ ಬಂತೋ, ಮುಯ್ಯಿ ಮುರಿಯಿತು.

ಸರದಿಗೆ ಅವಧಿ ಇರಲಿ. "ಇನ್ನು ಮುಂದೆ ಬ್ಯಾಕಪ್ ನಿನ್ನದು" ಅಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. "ಯುಗಾದಿವರೆಗೆ ನಿನ್ನದು, ಆಮೇಲೆ ಬೇರೆಯವರದು" ಅಂದರೆ ಒಪ್ಪುತ್ತಾರೆ, ಯುಗಾದಿ ಆದ ಮೇಲೆ ನಿಜಕ್ಕೂ ಬಿಡುಗಡೆ ಮಾಡಿ. ಒಬ್ಬರಿಗೆ ಮಾತು ತಪ್ಪಿದರೆ ಆಮೇಲೆ ಯಾರೂ ಹತ್ತಿರ ಬರುವುದಿಲ್ಲ.

ಲಕ್ಷಣ: ಬಹುಮಾನ ಇಟ್ಟೆವು, ಕಸ ಬಂತು

ಡಿಜಿಟಲ್‌ಓಷನ್ ಎಂಬ ಕಂಪನಿ 2014ರಿಂದ ಅಕ್ಟೋಬರ್ ತಿಂಗಳಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತಿದೆ. ಮುಕ್ತ ಯೋಜನೆಗಳಿಗೆ ಇಂತಿಷ್ಟು ತಿದ್ದುಪಡಿ ಕಳಿಸಿದವರಿಗೆ ಆಗ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ದಸ್ತಾವೇಜಿಗೆ ಒಂದು ವಿಶೇಷಣ ಸೇರಿಸಿ ಕಳಿಸಿದವರ ಪ್ರವಾಹವೇ ಹರಿಯಿತು. ನಿರ್ವಾಹಕರು ತಮ್ಮ ಕೆಲಸ ಬಿಟ್ಟು ಕಸ ಗುಡಿಸುತ್ತಾ ಕೂತರು. ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದು ಮಾಡಬೇಕಾಯಿತು. ಎಣಿಕೆಗೆ ಬಹುಮಾನ ಇಟ್ಟರೆ ಎಣಿಕೆ ಬರುತ್ತದೆ.

ಹಣದ್ದು ಇನ್ನೂ ನಾಜೂಕು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಕೆಲವು ಡೆವಲಪರುಗಳು 2006ರಲ್ಲಿ ಬಿಡುಗಡೆ ಸಕಾಲಕ್ಕೆ ಆಗಲೆಂದು, ಡಂಕ್-ಟ್ಯಾಂಕ್ ಎಂಬ ಪ್ರಯೋಗದಲ್ಲಿ ಬಿಡುಗಡೆ ನಿರ್ವಾಹಕರಿಗೆ ಹಣ ಕೊಟ್ಟು ಪೂರ್ಣಾವಧಿ ಕೆಲಸ ಮಾಡಿಸಲು ಹೊರಟರು. ಪುಕ್ಕಟೆಯಾಗಿ ದುಡಿಯುತ್ತಿದ್ದ ಉಳಿದವರಲ್ಲಿ ಕೆಲವರು ಮುನಿಸಿಕೊಂಡು ತಮ್ಮ ಕೆಲಸ ಕಡಿಮೆ ಮಾಡಿದರು. ಡಿಸೆಂಬರಿಗೆ ಬರಬೇಕಿದ್ದ ಬಿಡುಗಡೆ ಬಂದದ್ದು 2007ರ ಏಪ್ರಿಲ್‌ನಲ್ಲಿ. ಅತ್ತ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರತಿಷ್ಠಾನ 2021ರಲ್ಲಿ 'ಡೆವಲಪರ್ ಇನ್ ರೆಸಿಡೆನ್ಸ್' ಎಂಬ ಹುದ್ದೆಗೆ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿತು. ಬಾಕಿ ಬಿದ್ದ ತಿದ್ದುಪಡಿಗಳ ಪರಿಶೀಲನೆ, ದೂರುಗಳ ವಿಂಗಡಣೆ ಅವರ ಮುಖ್ಯ ಕೆಲಸ. ಅದು ಚೆನ್ನಾಗಿಯೇ ನಡೆಯಿತು, ಮುಂದೆ ಇನ್ನೂ ಜನರನ್ನು ಸೇರಿಸಿಕೊಂಡರು. ನನಗೆ ಕಾಣುವ ವ್ಯತ್ಯಾಸ ಇದು: ಒಂದೇ ಸಾಲಿನಲ್ಲಿ ಕೂತು ದುಡಿಯುವವರಲ್ಲಿ ಕೆಲವರ ಎಲೆಗೆ ಮಾತ್ರ ಪಾಯಸ ಬಡಿಸಿದರೆ ಉಳಿದವರು ಎದ್ದು ಹೋಗುತ್ತಾರೆ. ಯಾರಿಗೂ ಬೇಡದ ಕೆಲಸಕ್ಕೆ, ಎಲ್ಲರನ್ನೂ ಕೇಳಿ, ಬಹಿರಂಗವಾಗಿ ಸಂಬಳ ಗೊತ್ತುಮಾಡಿದರೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ.

ನಮ್ಮಲ್ಲಿ ಹಣ ಎಲ್ಲಿಂದ ಬರಬೇಕು, ಬರುವುದು ಸರ್ಟಿಫಿಕೇಟಿನ ಪ್ರಶ್ನೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪದವಿ ಮುಗಿಸಲು ಆಕ್ಟಿವಿಟಿ ಪಾಯಿಂಟ್, ಅಂದರೆ ಪಾಠದ ಹೊರಗಿನ ಚಟುವಟಿಕೆಗಳ ಅಂಕ, ಬೇಕು. "ಒಂದು ಲೆಟರ್ ಕೊಡಿ ಸಾರ್" ಎಂದು ಬರುವವರನ್ನು ಸ್ವಾರ್ಥಿಗಳೆಂದು ಹೀಗಳೆಯುವುದು ಸರಿಯಲ್ಲ. ಪತ್ರ ಕೊಡಿ, ಆದರೆ ಪತ್ರದಲ್ಲಿ 'ಭಾಗವಹಿಸಿದ್ದಾರೆ' ಎಂದು ಬರೆಯಬೇಡಿ. ಏನು ಮಾಡಿದರು, ಅದರಿಂದ ಏನು ಸರಿಹೋಯಿತು ಎಂದು ಬರೆಯಿರಿ. ಹಾಗೆ ಬರೆಯಲು ಏನೂ ಇಲ್ಲದವರು ತಾವಾಗಿಯೇ ಕೇಳುವುದನ್ನು ಬಿಡುತ್ತಾರೆ.

ಲಕ್ಷಣ: ಮಾಡಿಕೊಟ್ಟರು, ಮತ್ತೆ ಬರಲಿಲ್ಲ

ಬಿಡುಗಡೆಯ ಟಿಪ್ಪಣಿ ತೆಗೆದು ನೋಡಿ, ಅವರ ಹೆಸರಿದೆಯಾ? ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದ ಇತಿಹಾಸದಲ್ಲಿ ಕೋಡ್ ಬರೆದವರ ಹೆಸರು ತಾನಾಗಿ ಉಳಿಯುತ್ತದೆ. ಮೂರು ಹಳೆಯ ಫೋನುಗಳಲ್ಲಿ ಆ್ಯಪ್ ಹಾಕಿ, 'ಕ್ಷ' ಒತ್ತಿದರೆ ಮುಚ್ಚಿಹೋಗುತ್ತಿದೆ ಎಂದು ಕಂಡುಹಿಡಿದವರ ಹೆಸರು ಎಲ್ಲೂ ಉಳಿಯುವುದಿಲ್ಲ, ಬರೆಯದ ಹೊರತು. ಕುಬರ್ನೆಟೀಸಿನವರು 'ಕಟ್ಟಿಗೆ ಒಡೆದವರು, ನೀರು ಹೊತ್ತವರು' ಎಂಬ ಅರ್ಥದ ಹೆಸರಿಟ್ಟು ಇಂಥವರನ್ನೇ ಗುರುತಿಸುವ ಪರಿಪಾಠ ಇಟ್ಟುಕೊಂಡಿದ್ದಾರೆ. ಶಾಲು ಹೊದೆಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸುವ ಸನ್ಮಾನ ಬೇಡ. "ನೀವು ಹಿಡಿದ 'ಕ್ಷ' ದೋಷ ಈ ಸಲ ಸರಿಹೋಗಿದೆ, ನೋಡಿ ಹೇಳಿ" ಎಂಬ ಒಂದು ಸಾಲು ಸಾಕು. ಅದರಲ್ಲಿ ಮುಂದಿನ ಕೆಲಸವೂ ಅಡಗಿದೆ.

ದೂರು ವಿಂಗಡಿಸುವವರು ಮಾತ್ರ ಪದೇ ಪದೇ ಬಿಟ್ಟುಹೋಗುತ್ತಿದ್ದರೆ ದೂರುಗಳನ್ನೊಮ್ಮೆ ಓದಿ. ಬೈಗುಳ ತುಂಬಿದ್ದರೆ ಸ್ವಯಂಸೇವಕರನ್ನು ಹುರಿದುಂಬಿಸಿ ಪ್ರಯೋಜನವಿಲ್ಲ, ಬೈಯುವವರನ್ನು ಹೊರಗೆ ಹಾಕಿ.

ಎಲ್ಲ ಸರಿಯಿದೆ, ಕೆಲಸ ನಿಜಕ್ಕೂ ಬೇಸರದ್ದು

ಆಗ ಒಟ್ಟಿಗೆ ಕೂತು ಮಾಡಿ. ಡೆಬಿಯನ್‌ನವರು ಬಿಡುಗಡೆಗೆ ಅಡ್ಡವಾದ ದೋಷಗಳನ್ನು ಹೊಸಕಲು ಒಂದೆಡೆ ಸೇರಿ 'ಬಗ್ ಸ್ಕ್ವಾಶಿಂಗ್ ಪಾರ್ಟಿ' ನಡೆಸುತ್ತಾರೆ. ನಮ್ಮಲ್ಲಿ ಬೆಳಗ್ಗೆ ದೋಸೆ ತಿಂದು ಕೂತರೆ ಊಟದ ಹೊತ್ತಿಗೆ ಏಳುವುದು, ಆಮೇಲೆ ಕೂರಿಸಬಾರದು. ಮಧ್ಯಾಹ್ನದ ಮೇಲೆ ಮಾಡಿದ ಪರಿಶೀಲನೆಯನ್ನು ಇನ್ನೊಮ್ಮೆ ಪರಿಶೀಲಿಸಬೇಕಾಗುತ್ತದೆ. ಜೋರಾಗಿ ಓದಿ ಹೇಳುವವರು ಒಬ್ಬರು, ಗುರುತು ಹಾಕುವವರು ಒಬ್ಬರು ಇದ್ದರೆ ಪದಪಟ್ಟಿ ಬೇಗ ಸಾಗುತ್ತದೆ. 'ಅಂಬಲಿ'ಯೋ 'ಅಂಬ್ಲಿ'ಯೋ ಎಂದು ಮಂಡ್ಯದವರೂ ಮೈಸೂರಿನವರೂ ಜಗಳವಾಡುವುದಕ್ಕೆ ಸ್ವಲ್ಪ ಸಮಯ ಎತ್ತಿಡಿ, ಅರ್ಧ ಜನ ಬರುವುದೇ ಅದಕ್ಕೆ.

ಇಷ್ಟಾದ ಮೇಲೂ ಯಾರೂ ಮುಟ್ಟದ ಕೆಲಸ ಉಳಿದರೆ ಅದನ್ನು ಮುಚ್ಚಿಡಬೇಡಿ. ಡೆಬಿಯನ್‌ನಲ್ಲಿ ನೋಡಿಕೊಳ್ಳುವವರಿಲ್ಲದ ಪ್ಯಾಕೇಜುಗಳನ್ನು ಅನಾಥ ಎಂದು ಬಹಿರಂಗವಾಗಿ ಪಟ್ಟಿ ಮಾಡುತ್ತಾರೆ. ನೆರವು ಬೇಕಾದವು, ದತ್ತು ಕೊಡಲು ಸಿದ್ಧವಿರುವವು ಎಂದು ಬೇರೆ ಗುರುತುಗಳೂ ಇವೆ. ಅದೇ ರೀತಿ ಯೋಜನೆಯ ಮುಖಪುಟದಲ್ಲಿ, ಮೊದಲ ಪರದೆಯಲ್ಲೇ ಕಾಣುವಂತೆ, ದಿನಾಂಕ ಹಾಕಿ ಬರೆಯಿರಿ: "ಪರಿವರ್ತಕವನ್ನು ಸದ್ಯಕ್ಕೆ ಯಾರೂ ನೋಡಿಕೊಳ್ಳುತ್ತಿಲ್ಲ. ದೂರುಗಳಿಗೆ ಉತ್ತರ ಬರುವುದಿಲ್ಲ. ವಹಿಸಿಕೊಳ್ಳುವವರಿಗೆ ಒಂದು ಬೆಳಗ್ಗೆ ಕೂತು ಹೇಳಿಕೊಡುತ್ತೇವೆ." ಬಳಸುವವರಲ್ಲೇ ಯಾರಿಗಾದರೂ ಅದು ಅಷ್ಟು ಬೇಕಿದ್ದರೆ ಅವರೇ ಬರುತ್ತಾರೆ. ಆರು ತಿಂಗಳಾದರೂ ಯಾರೂ ಬರದಿದ್ದರೆ ಡೌನ್‌ಲೋಡ್ ಕೊಂಡಿ ತೆಗೆದುಹಾಕಿ, ಕೋಡನ್ನು ಹಾಗೇ ಬಿಡಿ.